12345678987654321 ಅನ್ನು ಪೆನ್ನು, ಹಾಳೆ ಹಿಡಿದೇ ಬಿಡಿಸಿದ್ದು

17 ಅಂಕಿಯ ಈ ಸಂಖ್ಯೆಯನ್ನು ಕಂಪ್ಯೂಟರ್ ಕ್ಷಣದಲ್ಲಿ ಅಪವರ್ತಿಸಿ ಕೊಡುತ್ತದೆ. ಆದರೆ ಅದು ಯಾಕೆ ಹಾಗೇ ಒಡೆಯುತ್ತದೆ ಅಂತ ತಿಳಿಯುವ ಆಸೆ ನನಗೆ, ಹಾಗಾಗಿ ಕೈಯಲ್ಲೇ ಮಾಡಿದೆ.

ಮೊದಲ ಹೆಜ್ಜೆ ಸುಲಭ. ಇದು 111111111ರ ವರ್ಗ. ಒಂದುಗಳ ಸಾಲುಗಳನ್ನು ಒಂದೊಂದು ಸ್ಥಾನ ಸರಿಸಿ ಬರೆದು ಕೂಡಿ ನೋಡಿ, ಯಾವ ಸ್ಥಾನದ ಮೊತ್ತವೂ 9 ದಾಟುವುದಿಲ್ಲ, ಪಕ್ಕಕ್ಕೆ ಏನೂ ದಾಟಿಸಬೇಕಿಲ್ಲ. ಹತ್ತು ಒಂದುಗಳಾದರೆ ಈ ಚಂದ ಕೆಡುತ್ತದೆ, ವರ್ಗ 1234567900987654321 ಆಗುತ್ತದೆ.

ಈಗ ಒಂಬತ್ತು ಒಂದುಗಳನ್ನು ಮೂರು ಮೂರಾಗಿ ಕಟ್ಟಿದೆ: 111 × 1001001. ಇದರಲ್ಲಿ 111 ಅಂದರೆ 3 × 37. 1001001ರ ಅಂಕಿಗಳ ಮೊತ್ತ 3, ಹಾಗಾಗಿ ಅದು 3 × 333667. ಇಲ್ಲಿಗೆ ಬಂದು ನಿಂತೆ. 333667 ಅವಿಭಾಜ್ಯವೇ?

ಇದರ ವರ್ಗಮೂಲ 577ಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿಯವರೆಗೆ 106 ಅವಿಭಾಜ್ಯಗಳಿವೆ. ಎಲ್ಲದರಿಂದಲೂ ಸುಮ್ನೆ ಭಾಗಿಸುತ್ತಾ ಹೋಗಬಹುದು, ಆದರೆ ಸಂಖ್ಯೆಯ ಆಕಾರವೇ ದಾರಿ ತೋರಿಸುತ್ತಿರುವಾಗ ಅದು ಯಾಕೆ ಬೇಕು?

333667 ಅನ್ನು ಭಾಗಿಸುವ ಒಂದು ಅವಿಭಾಜ್ಯ ಇದೆ, ಅದು 'ಪ' ಎನ್ನೋಣ. 1001001 × 999 = 999999999. ಅಂದರೆ 10ರ 9ನೇ ಘಾತವನ್ನು 'ಪ'ದಿಂದ ಭಾಗಿಸಿದರೆ ಶೇಷ 1. ಇದಕ್ಕಿಂತ ಚಿಕ್ಕ ಘಾತದಲ್ಲೇ 1 ಬರಬಹುದೇ? ಶೇಷ 1 ಕೊಡುವ ಅತಿ ಚಿಕ್ಕ ಘಾತ, ಅಂಥ ಬೇರೆ ಎಲ್ಲ ಘಾತಗಳನ್ನೂ ಭಾಗಿಸುತ್ತದೆ, ಹಾಗಾಗಿ ಬಂದರೆ ಅದು 9ರ ಭಾಜಕವಾದ 1ನೇ ಅಥವಾ 3ನೇ ಘಾತ ಆಗಿರಬೇಕು, ಎರಡರಲ್ಲೂ 1000ದ ಶೇಷ 1 ಆಗಿ, 1001001ರ ಶೇಷ 1+1+1, ಅಂದರೆ 3 ಆಗುತ್ತದೆ. ಅದು ಸೊನ್ನೆಯಾಗಬೇಕಾದರೆ 'ಪ' 3 ಆಗಿರಲೇಬೇಕು. 333667ರ ಅಂಕಿಗಳ ಮೊತ್ತ 28, ಹಾಗಾಗಿ 3 ಆಗಲ್ಲ. ಅಲ್ಲಿಗೆ 9 ಅನ್ನುವುದೇ ಅತಿ ಚಿಕ್ಕ ಘಾತ ಎಂದಾಯ್ತು. ಫರ್ಮಾನ ಕಿರು ಪ್ರಮೇಯದ ಪ್ರಕಾರ 'ಪ − 1'ನೇ ಘಾತಕ್ಕೂ ಶೇಷ 1, ಆದ್ದರಿಂದ 9 ಅನ್ನುವುದು 'ಪ − 1' ಅನ್ನು ಭಾಗಿಸುತ್ತದೆ. 'ಪ' ಬೆಸ ಸಂಖ್ಯೆ, ಹಾಗಾಗಿ 18 ಕೂಡ ಭಾಗಿಸುತ್ತದೆ.

ಈಗ 106ರಲ್ಲಿ 17 ಮಾತ್ರ ಉಳಿದವು: 19, 37, 73, 109, 127, 163, 181, 199, 271, 307, 379, 397, 433, 487, 523, 541, 577. ಇದರಲ್ಲೂ 37 ತಾನಾಗಿಯೇ ಹೋಗುತ್ತದೆ, ಯಾಕೆಂದರೆ ಅದಕ್ಕೆ 1000ದ ಶೇಷ 1. ಉಳಿದವನ್ನೆಲ್ಲ ಭಾಗಿಸಿ ನೋಡಿದೆ, 19ಕ್ಕೆ ಶೇಷ 8, ಕೊನೆಯ 577ಕ್ಕೆ 161, ಯಾವುದಕ್ಕೂ ಸೊನ್ನೆ ಇಲ್ಲ. 333667 ಅವಿಭಾಜ್ಯ!

2ರ 32ನೇ ಘಾತಕ್ಕೆ 1 ಕೂಡಿದರೆ ಬರುವ 4294967297 ಅವಿಭಾಜ್ಯವಲ್ಲ ಎಂದು 1732ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದ್ದರಲ್ಲ, ಅಲ್ಲೂ ಇಂಥದೇ ಜರಡಿ ಹಿಡಿಯಬಹುದು. ಅದರ ಅವಿಭಾಜ್ಯ ಭಾಜಕಗಳಿಂದ 1 ಕಳೆದರೆ 64ರಿಂದ ಭಾಗವಾಗಬೇಕು. ಆಗ 193, 257, 449, 577 ಆದ ಮೇಲೆ ಐದನೆಯದಾಗಿ 641 ಸಿಕ್ಕೇಬಿಡುತ್ತದೆ.

ಕೊನೆಗೆ ನಮ್ಮ ಸಂಖ್ಯೆ 3⁴ × 37² × 333667². ಭಾಜಕಗಳು 5 × 3 × 3 = 45. ವರ್ಗಸಂಖ್ಯೆ ಆದ್ದರಿಂದಲೇ ಈ ಎಣಿಕೆ ಬೆಸ. ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು 1/333667. ಅದರ ದಶಮಾಂಶದಲ್ಲಿ 000002997 ಎಂಬ ಒಂಬತ್ತು ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ಸರಿಯಾಗಿ ಒಂಬತ್ತು ಅಂಕಿಗೆ ಮರುಕಳಿಸುವ ಅವಿಭಾಜ್ಯ ಇದೊಂದೇ, ಅದಕ್ಕೆ ಸಾಕ್ಷಿ ಮೇಲಿನ ಲೆಕ್ಕದಲ್ಲೇ ಇದೆ.