ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಮಕ್ಕಳಿಗೆ ಎರಡು ಕೋಣೆ

ಗ್ಯಾರೇಜನ್ನು ಮಕ್ಕಳ ಕೋಣೆ ಮಾಡಬೇಕೆಂದಿರುವವರು ಅದನ್ನು ಮೊದಲು ನೋಡಬೇಕಾದದ್ದು ಮಳೆಗಾಲದಲ್ಲಿ. ಏಪ್ರಿಲ್ ತಿಂಗಳಲ್ಲಿ ನಮ್ಮ ಕರಾವಳಿಯ ಯಾವ ಗೋಡೆಯೂ ಚೆನ್ನಾಗಿಯೇ ಕಾಣುತ್ತದೆ. ಆರಿದ್ರಾ, ಪುನರ್ವಸು ಮಳೆ ಹೊಡೆಯುವಾಗ ಒಳಗೆ ನಿಂತು ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಗೋಡೆ ಮುಟ್ಟಿದರೆ ಕೈ ತಣ್ಣಗಾಗುತ್ತದೆ ಎಂದು ತಿಳಿದುಕೊಳ್ಳಬೇಕು. ನಾವು ಜುಲೈಯಲ್ಲಿ ನೋಡಿ, ದೀಪಾವಳಿ ಮುಗಿದ ಮೇಲೆ ಕೆಲಸ ಹಿಡಿದೆವು.

ನಮ್ಮ ಮನೆ ಕಾರವಾರದ ಹಬ್ಬುವಾಡದಲ್ಲಿ. ಮಲಗುವ ಕೋಣೆ ಎರಡೇ. ಒಂದು ನಮ್ಮದು, ಇನ್ನೊಂದರಲ್ಲಿ ಅತ್ತೆ ಮತ್ತು ಇಬ್ಬರು ಮಕ್ಕಳು. ಮಗಳು ಹೈಸ್ಕೂಲಿಗೆ ಬಂದ ಮೇಲೆ ರಾತ್ರಿ ಓದಲು ದೀಪ ಬೇಕಾಯಿತು. ದೀಪ ಉರಿಯುತ್ತಿದ್ದರೆ ಮಗನಿಗೆ ನಿದ್ದೆ ಬಾರದು, ಅತ್ತೆಗೂ ಬಾರದು. “ಆಯಿ, ನನಗೆ ದೊಡ್ಡ ಕೋಣೆ ಬೇಡ, ಬಾಗಿಲಿರುವ ಕೋಣೆ ಬೇಕು” ಎಂದು ಮಗಳು ಹೇಳಿದಾಗ ಅದು ನ್ಯಾಯವಾದ ಮಾತು ಅನ್ನಿಸಿತು. ಮಹಡಿ ಕಟ್ಟಿಸೋಣವೆಂದರೆ ಹಳೆಯ ಪಾಯದ ಮೇಲೆ ಅಷ್ಟು ಭಾರ ಹೊರಿಸಲು ಇಂಜಿನಿಯರ್ ಒಪ್ಪಲಿಲ್ಲ. ಉಳಿದದ್ದು ಮಾವನವರು ಕಟ್ಟಿಸಿದ್ದ ಗ್ಯಾರೇಜ್. ಒಳಗೆ 10 ಅಡಿ ಅಗಲ, 20 ಅಡಿ ಉದ್ದ. ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮೇಲೆ ಮನೆಯ ಸ್ಲ್ಯಾಬೇ ಮುಂದುವರಿದಿದೆ. ಬಡಗು ಗೋಡೆ ನಮ್ಮ ನಡುಮನೆಯದ್ದೇ. ಪಡುವಣಕ್ಕೆ, ರಸ್ತೆಯ ಕಡೆ, ಕಬ್ಬಿಣದ ಶಟರ್.

ಗ್ಯಾರೇಜಿನ ನೆಲ ಮನೆಯ ನೆಲಕ್ಕಿಂತ ಒಂದೂವರೆ ಅಡಿ ಕೆಳಗಿತ್ತು. ಕಾರು ತೊಳೆದ ನೀರು ಹೊರಗೆ ಹರಿಯಲಿ ಎಂದು ಶಟರ್ ಕಡೆಗೆ ಇಳಿಜಾರು ಕೊಟ್ಟಿದ್ದರು. ಜುಲೈಯಲ್ಲಿ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯೊಂದನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಮರುದಿನ ತೆಗೆದು ನೋಡಿದೆ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿತ್ತು. ಹನಿ ಹಾಳೆಯ ಮೇಲ್ಮೈಯಲ್ಲಿ ಮಾತ್ರ ಇದ್ದರೆ ಅದು ಗಾಳಿಯ ತೇವ, ಕಿಟಕಿ ಇಟ್ಟು ಫ್ಯಾನು ಹಾಕಿದರೆ ಹೋಗುತ್ತದೆ. ಅಡಿಯಲ್ಲಿ ಕಂಡರೆ ಅದು ನೆಲದೊಳಗಿನಿಂದ ಏರುವ ನೀರು. ಅದರ ಮೇಲೆ ಎಷ್ಟು ಚೆಂದದ ಟೈಲ್ಸ್ ಹಾಕಿದರೂ ಸಂದಿಯಿಂದ ತೇವ ಬಂದೇ ಬರುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವಾಗ, ಮಕ್ಕಳ ಹಾಸಿಗೆ ಇರುವ ಕೋಣೆಯಲ್ಲಿ ಇದನ್ನು ಬಿಟ್ಟು ಬೇರೆ ಯಾವುದಕ್ಕೂ ಮೊದಲ ದುಡ್ಡು ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಮೇಸ್ತ್ರಿ ಅಂಕೋಲೆಯ ಕಡೆಯವರು, ಚಿರೆಕಲ್ಲಿನ ಕೆಲಸದಲ್ಲೇ ತಲೆ ನೆರೆತವರು. ಮೊದಲ ದಿನವೇ ಹೇಳಿದರು: “ಅಕ್ಕೋರೇ, ಕಾರಿಗೆ ಇಳಿಜಾರು ನೆಲ ಬೇಕು, ಮಲಗೋರಿಗೆ ಸಪಾಟು ನೆಲ ಬೇಕು. ಇದ್ದ ನೆಲದ ಮೇಲೇ ಟೈಲ್ಸ್ ಹಾಕಿ ಮುಗಿಸೂಕೆ ಆಗೂದಿಲ್ಲ. ಮನೆ ಮಟ್ಟಕ್ಕೆ ಏರಿಸ್ವ.” ಹಾಗೆ ಏರಿಸಲು ಎತ್ತರ ಸಾಕೇ ಎಂದು ಅಳೆದೆವು. ಸ್ಲ್ಯಾಬಿನ ಅಡಿಗೆ ಹನ್ನೊಂದೂವರೆ ಅಡಿ ಇತ್ತು, ಒಂದೂವರೆ ಅಡಿ ತುಂಬಿದರೂ 10 ಅಡಿ ಉಳಿಯುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕೇಳುವುದು ಕನಿಷ್ಠ 2.75 ಮೀಟರ್, ಅಂದರೆ 9 ಅಡಿ. ಎಷ್ಟೋ ಮನೆಗಳಲ್ಲಿ ಗ್ಯಾರೇಜಿನ ಮಾಡು ತಗ್ಗಾಗಿರುತ್ತದೆ. ಅಂಥಲ್ಲಿ ನೆಲ ಏರಿಸಿದರೆ ಕೋಣೆ ಉಸಿರುಕಟ್ಟುತ್ತದೆ, ಏರಿಸದಿದ್ದರೆ ನೀರು ಬರುತ್ತದೆ. ಹಾಗಿದ್ದರೆ ಈ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ನೆಲದ ಕೆಲಸ ಹೀಗೆ ನಡೆಯಿತು. ಹಳೆಯ ಕಾಂಕ್ರೀಟಿನಲ್ಲಿ ಎಣ್ಣೆ ಹೀರಿದ ಭಾಗವನ್ನು ಒಡೆದು ಹೊರಗೆ ಸಾಗಿಸಿದೆವು, ಆ ವಾಸನೆ ಮುಚ್ಚಿದರೆ ಹೋಗುವಂಥದ್ದಲ್ಲ. ಉಳಿದದ್ದನ್ನು ಒಡೆದು ಅಲ್ಲೇ ಬಿಟ್ಟೆವು. ಗೋಡೆಯ ಕೆಳಭಾಗದ ಹಳೆಯ ಪ್ಲಾಸ್ಟರ್ ಕಿತ್ತು, ಹೊಸ ನೆಲದ ಮಟ್ಟಕ್ಕಿಂತ ಸ್ವಲ್ಪ ಮೇಲಿನವರೆಗೆ ಸಿಮೆಂಟಿನ ನೀರುತಡೆ ಲೇಪ ಕೊಟ್ಟೆವು. ತುಂಬಿದ ಮಣ್ಣು ಗೋಡೆಗೆ ತಾಗಿಯೇ ಇರುತ್ತದೆ, ದೀಪದ ಬತ್ತಿ ಎಣ್ಣೆ ಎಳೆದಂತೆ ಚಿರೆಕಲ್ಲು ಅದರ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಆಮೇಲೆ ಕೆಂಪು ಮಣ್ಣನ್ನು ಅರ್ಧರ್ಧ ಅಡಿಯ ಪದರವಾಗಿ ಹಾಕಿ, ನೀರು ಬಿಟ್ಟು, ದಿಮ್ಮಸು ಹೊಡೆದು ಕೂಡಿಸಿದರು. ಒಮ್ಮೆಗೇ ಸುರಿದು ತುಳಿದರೆ ಮುಂದಿನ ವರ್ಷ ನೆಲ ಕುಸಿದು ಟೈಲ್ಸ್ ಬಿರಿಯುತ್ತದೆ. ಒರಲೆ ಬಾರದಂತೆ ಮಣ್ಣಿಗೆ ಔಷಧ ಹೊಡೆಸಿದ್ದು ಈ ಹಂತದಲ್ಲಿ. ಪರವಾನಗಿ ಇರುವವರಿಂದಲೇ ಮಾಡಿಸಿದೆವು. ಅದು ವಿಷವಾದ್ದರಿಂದ ಮಕ್ಕಳನ್ನು ಆ ಕಡೆ ಸುಳಿಯಗೊಡಲಿಲ್ಲ. ಮೇಲೆ ತೆಳ್ಳಗೆ ಮರಳು, ಅದರ ಮೇಲೆ 250 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ. ಹಾಳೆಯ ಅಂಚುಗಳು ಒಂದರ ಮೇಲೊಂದು ಒಂದು ಅಡಿಯಷ್ಟು ಹಾಯಬೇಕು, ಗೋಡೆಯ ಹತ್ತಿರ ಮೇಲಕ್ಕೆ ಮಡಚಿ ಸ್ಕರ್ಟಿಂಗ್ ಹಿಂದೆ ಸಿಗಿಸಬೇಕು. ಕಾಂಕ್ರೀಟ್ ಹೊತ್ತು ತರುವವರು ಅದರ ಮೇಲೆಯೇ ನಡೆದು ಹರಿಯುವುದುಂಟು. ಆ ದಿನ ನಾನು ಶಾಲೆಗೆ ರಜೆ ಹಾಕಿ, ಹಲಗೆ ಹಾಸಿಸಿ, ಪಕ್ಕದಲ್ಲೇ ನಿಂತಿದ್ದೆ. ಕೊನೆಗೆ 4 ಇಂಚು ಕಾಂಕ್ರೀಟ್, ಅದಕ್ಕೆ ಒಂದು ವಾರ ನೀರು, ಆಮೇಲೆ ಜಾರದ ಒರಟು ಮೈಯ ಟೈಲ್ಸ್.

ಶಟರ್ ತೆಗೆದ ಜಾಗಕ್ಕೆ ಗೋಡೆ ಕಟ್ಟುವುದು ಸುಲಭವೆಂದು ಕಾಣುತ್ತದೆ. ಆದರೆ ಕಾರು ಓಡಾಡುವ ಬಾಯಿಯ ಕೆಳಗೆ ಹೆಚ್ಚಾಗಿ ಪಾಯ ಇರುವುದಿಲ್ಲ. ಅಗೆದು ನೋಡಿದಾಗ ನಮ್ಮಲ್ಲೂ ಇರಲಿಲ್ಲ. ಗಟ್ಟಿ ನೆಲ ಸಿಗುವವರೆಗೆ ಹೋಗಿ ಪಾಯ ಹಾಕಿ, ಹೊಸ ಚಿರೆಕಲ್ಲನ್ನು ಹಳೆಯ ಗೋಡೆಯೊಳಗೆ ಒಂದು ವರಸೆ ಬಿಟ್ಟು ಒಂದು ವರಸೆ ಹಲ್ಲು ಕೂಡಿಸಿ ಕಟ್ಟಿದರು. ಸೇರಿದ ಗೆರೆಯ ಮೇಲೆ ಪ್ಲಾಸ್ಟರಿನ ಅಡಿಯಲ್ಲಿ ಜಾಲರಿ ಬಡಿದರು. ಹೊಸ ಗೋಡೆ ಹಳೆಯದಕ್ಕೆ ಬರೀ ತಾಗಿ ನಿಂತರೆ ಆ ಗೆರೆ ಬಿರುಕಾಗಿ, ಪಡುಗಾಳಿಯ ಎರಚಲು ನೇರವಾಗಿ ಒಳಗೆ ಬರುತ್ತದೆ.

ಎಲ್ಲಕ್ಕಿಂತ ನನಗೆ ಭಯವಿದ್ದದ್ದು ನಡುಮನೆಯ ಗೋಡೆ ಕೊರೆಯುವ ಕೆಲಸದ ಬಗ್ಗೆ. ಅದು ಸ್ಲ್ಯಾಬ್ ಹೊತ್ತ ಗೋಡೆ. ಮೇಸ್ತ್ರಿ ಎರಡೂ ಬದಿಗೆ ಕಂಬ ಕೊಟ್ಟು, ಬಾಗಿಲು ಬರುವ ಜಾಗದ ಮೇಲೆ ಗೋಡೆಯ ಅರ್ಧ ದಪ್ಪಕ್ಕೆ ಮಾತ್ರ ಅಡ್ಡ ಸಂದು ಕೊರೆದು, ಮೊದಲೇ ಎರಕ ಹೊಯ್ದಿಟ್ಟ ಲಿಂಟೆಲ್ (ಬಾಗಿಲ ಮೇಲಿನ ಅಡ್ಡ ತೊಲೆ) ಕೂರಿಸಿದರು. ಅದು ಬಿಗಿಯಾದ ಮೇಲೆ ಆಚೆ ಬದಿಯ ಅರ್ಧ. ಎರಡೂ ತುದಿಯಲ್ಲಿ ಲಿಂಟೆಲ್ ಮುಕ್ಕಾಲು ಅಡಿಯಷ್ಟು ಗೋಡೆಯ ಮೇಲೆ ಕೂತಿದೆ. ಇಷ್ಟಾದ ಮೇಲೆಯೇ ಕೆಳಗಿನ ಕಲ್ಲು ತೆಗೆದದ್ದು. ಮೊದಲು ಬಾಗಿಲು ಒಡೆದು ಆಮೇಲೆ ಲಿಂಟೆಲ್ ಇಡೋಣ ಎನ್ನುವವರಿಗೆ ಈ ಕೆಲಸ ಕೊಡಲೇಬೇಡಿ.

ಬಾಗಿಲು ಎಲ್ಲಿ ಬರಬೇಕು ಎಂಬುದರ ಮೇಲೆಯೇ ಎರಡು ಕೋಣೆಯಾಗುವುದು ನಿಂತಿತ್ತು. ಗ್ಯಾರೇಜಿನ ಒಂದು ತುದಿಯಲ್ಲಿ ಬಾಗಿಲಿಟ್ಟರೆ ಒಬ್ಬರ ಕೋಣೆಯನ್ನು ದಾಟಿ ಇನ್ನೊಬ್ಬರ ಕೋಣೆಗೆ ಹೋಗಬೇಕು, ಮಗಳು ಕೇಳಿದ ಬಾಗಿಲಿಗೆ ಅರ್ಥವಿರುವುದಿಲ್ಲ. ಆದ್ದರಿಂದ ಉದ್ದ ಗೋಡೆಯ ನಟ್ಟನಡುವೆ ದಾರಿ ತೆಗೆದು, ಒಳಗೆ 4 ಅಡಿ ಅಗಲ, 3 ಅಡಿ ಆಳದ ಪುಟ್ಟ ಮೊಗಸಾಲೆ ಮಾಡಿದೆವು. ಅದರ ಮೂಡುಬದಿಗೆ ಮಗನ ಬಾಗಿಲು, ಪಡುಬದಿಗೆ ಮಗಳದ್ದು. ಈ ಮೊಗಸಾಲೆ ಎರಡೂ ಕೋಣೆಯೊಳಕ್ಕೆ ಎರಡೆರಡು ಅಡಿ ಚಾಚಿಕೊಂಡಿದೆ. ಅದರ ತುದಿಯಿಂದ ತೆಂಕು ಗೋಡೆಯವರೆಗೆ ನಡುಗೋಡೆಯ ಆಚೆ ಈಚೆ ಎರಡಡಿ ಆಳ, ಏಳಡಿ ಉದ್ದದ ಹಿನ್ಸರಿತ ತಾನಾಗಿಯೇ ಸಿಕ್ಕಿತು. ಬಟ್ಟೆಯ ಕಪಾಟು, ಪುಸ್ತಕದ ಹಲಗೆ ಎಲ್ಲವೂ ಅದರೊಳಗೆ. ಎರಡು ಸಾಲು ಕಪಾಟು ನಡುವೆ ಇರುವುದರಿಂದ ಒಬ್ಬರ ಸದ್ದು ಇನ್ನೊಬ್ಬರಿಗೆ ಅಷ್ಟಾಗಿ ಕೇಳುವುದೂ ಇಲ್ಲ. ಒಂದೊಂದು ಕೋಣೆ ಸುಮಾರು 90 ಚದರ ಅಡಿ. ಮನೆಯಲ್ಲಿ ಒಂದು ದೊಡ್ಡ ಕೋಣೆ ಇದ್ದ ಮೇಲೆ ಉಳಿದದ್ದಕ್ಕೆ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಅಳತೆ 7.5 ಚದರ ಮೀಟರ್, ಅಂದರೆ ಸುಮಾರು 81 ಚದರ ಅಡಿ. ಚಿಕ್ಕದೇ ಹೌದು, ಆದರೆ ಮಂಚ, ಮೇಜು ಇಟ್ಟ ಮೇಲೂ ಮಗ ನೆಲದ ಮೇಲೆ ಕೂತು ಆಡುವಷ್ಟು ಜಾಗ ಉಳಿದಿದೆ.

ನಡುಗೋಡೆಗೆ ಜಿಪ್ಸಮ್ ಬೋರ್ಡ್ ಹಾಕಿ, ಅಗ್ಗ, ಬೇಗ ಆಗುತ್ತದೆ ಎಂದವರು ಬಹಳ. ಇಲ್ಲಿನ ತೇವಕ್ಕೆ ಅದರ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. 4 ಇಂಚಿನ ಹಗುರ ಸಿಮೆಂಟ್ ಬ್ಲಾಕು ಹಾಕಿದೆವು. ಹೊಸ ನೆಲದ ಮೇಲೆ ಪಾಯವಿಲ್ಲದೆ ನಿಲ್ಲುವ ಗೋಡೆಗೆ ಹಗುರವಾದದ್ದೇ ಬೇಕು.

ಕಿಟಕಿಯ ಲೆಕ್ಕಕ್ಕೆ ಬಂದರೆ, ಕಟ್ಟಡ ಸಂಹಿತೆ ಒಣ ಬಿಸಿ ಪ್ರದೇಶದಲ್ಲಿ ನೆಲದ ಹತ್ತನೆಯ ಒಂದು ಭಾಗ ಸಾಕು ಎನ್ನುತ್ತದೆ, ನಮ್ಮಂಥ ತೇವದ ಸೆಕೆಯ ಪ್ರದೇಶಕ್ಕೆ ಆರನೆಯ ಒಂದು ಭಾಗ ಕೇಳುತ್ತದೆ. 90 ಚದರ ಅಡಿಗೆ 15 ಚದರ ಅಡಿ. ನಾವು ಪ್ರತಿ ಕೋಣೆಗೆ 3 ಅಡಿ ಅಗಲ, 4 ಅಡಿ ಎತ್ತರದ ಎರಡೆರಡು ಕಿಟಕಿ ಇಟ್ಟೆವು, ಅದೂ ಬೇರೆ ಬೇರೆ ಗೋಡೆಗೆ. ಒಂದೇ ಗೋಡೆಯಲ್ಲಿ ಎರಡು ಕಿಟಕಿ ಇದ್ದರೆ ಗಾಳಿ ಚೆನ್ನಾಗಿ ಹಾಯುವುದಿಲ್ಲ. ಸ್ಲ್ಯಾಬಿನ ಕೆಳಗಿದ್ದ ಹಳೆಯ ಜಾಳಿಯನ್ನೂ ಮುಚ್ಚಲಿಲ್ಲ, ಕಿಟಕಿ ಹಾಕಿಕೊಳ್ಳಲೇಬೇಕಾದ ಮಳೆಯ ರಾತ್ರಿಯಲ್ಲಿ ಸೆಕೆ ಹೊರಗೆ ಹೋಗುವುದು ಅದರಿಂದಲೇ. ಸೊಳ್ಳೆ ಜಾಲರಿ ನೈಲಾನಿನದು, ಕಬ್ಬಿಣದ್ದು ಇಲ್ಲಿ ಬಾಳುವುದಿಲ್ಲ. ಚೌಕಟ್ಟಿಗೆ ನನ್ನ ತವರಿನಿಂದ, ಶಿರಸಿಯಿಂದ, ಹಲಸಿನ ಮರ ಬಂತು. ಹಲಸಿನ ಚೇಗಿಗೆ ಒರಲೆ ಸುಲಭವಾಗಿ ಹತ್ತುವುದಿಲ್ಲ. ಶಿರಸಿಯಲ್ಲಿ ಮಳೆಯೊಂದನ್ನೇ ತಡೆದುಕೊಂಡರೆ ಸಾಕು, ಇಲ್ಲಿ ಮಳೆಯ ಜೊತೆಗೆ ಉಪ್ಪುಗಾಳಿ. ಅದಕ್ಕೇ ಬಿಜಾಗರಿ, ಚಿಲಕ, ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಸ್ಟೀಲಿನವು. ಪಡುಗೋಡೆಯವು ಉಪ್ಪಿಗೆ ಹೆಚ್ಚು ತಡೆಯುವ 316 ದರ್ಜೆಯವು, ಉಳಿದವು 304.

ತೆಂಕು ಕಿಟಕಿಗಳ ಗ್ರಿಲ್ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಕಿಟಕಿಗೆ ಗ್ರಿಲ್ಲನ್ನು ಗೋಡೆಗೇ ಸೇರಿಸಿ ಬಿಗಿಯುತ್ತಾರೆ. ರಾತ್ರಿ ಹೊಗೆ, ಬೆಂಕಿ ಎದ್ದು ಬಾಗಿಲ ಕಡೆ ಹೋಗಲಾಗದಿದ್ದರೆ ಮಗುವಿಗೆ ಬೇರೆ ದಾರಿಯಿಲ್ಲ. ಪ್ರತಿ ಕೋಣೆಯ ತೆಂಕು ಕಿಟಕಿಯ ಗ್ರಿಲ್ಲಿಗೆ ಬಿಜಾಗರಿ ಇಟ್ಟು, ಒಳಗಿನಿಂದ ಮಕ್ಕಳ ಕೈಗೆ ಎಟಕುವಲ್ಲಿ ಕೀಲಿಕೈ ಬೇಡದ ಚಿಲಕ ಇಡಿಸಿದೆವು. ಇಬ್ಬರಿಂದಲೂ ದೀಪ ಆರಿಸಿ, ಕತ್ತಲಲ್ಲಿ ತೆಗೆಯುವುದನ್ನು ಅಭ್ಯಾಸ ಮಾಡಿಸಿದೆ.

ಗ್ಯಾರೇಜಿನಲ್ಲಿದ್ದ ಇನ್ವರ್ಟರ್ ಬ್ಯಾಟರಿಯನ್ನು ಗಾಳಿಯಾಡುವ ಹಿಂದಿನ ಜಗಲಿಗೆ ಸಾಗಿಸಿದೆವು, ಚಾರ್ಜ್ ಆಗುವಾಗ ಸೀಸದ ಬ್ಯಾಟರಿಯಿಂದ ಬೇಗ ಬೆಂಕಿ ಹಿಡಿಯುವ ಹೈಡ್ರೋಜನ್ ಅನಿಲ ಹೊರಡುತ್ತದೆ. ವಯರಿಂಗ್ ಪೂರ್ತಿ ಹೊಸದು: ದೀಪಕ್ಕೆ 1.5, ಪ್ಲಗ್ಗಿಗೆ 2.5 ಚದರ ಮಿಲಿಮೀಟರ್ ತಾಮ್ರದ ತಂತಿ, ಎರಡೂ ಕೋಣೆಗೆ ಸೇರಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿಯೇ ಲೈನು ಕಡಿಯುವ ಸ್ವಿಚ್ಚು. ಗೋಡೆ ತೇವವಾಗಬಹುದಾದ ಊರಿನಲ್ಲಿ ಇದನ್ನು ಬಿಡಬಾರದು. ಜಾಗ ಉಳಿಯಲಿ ಎಂದು ಮಗ ಎರಡಂತಸ್ತಿನ ಮಂಚ ಕೇಳಿದ್ದ. ಮೇಲಿನ ಮಂಚದಲ್ಲಿ ಎದ್ದು ಕೂತರೆ ಫ್ಯಾನಿನ ರೆಕ್ಕೆ ಹತ್ತಿರವಾಗುತ್ತದೆ ಎಂದು ತೋರಿಸಿದ ಮೇಲೆ ಒಪ್ಪಿಕೊಂಡ. ಮಂಚದ ಕೆಳಗೆ ಪೆಟ್ಟಿಗೆ, ಡ್ರಾಯರ್ ಮಾಡಿಸಲಿಲ್ಲ. ಮುಚ್ಚಿದ ಜಾಗದಲ್ಲಿ ಆಗಸ್ಟ್ ಹೊತ್ತಿಗೆ ಬಟ್ಟೆಗೆ ಬೂಷ್ಟು ಬರುತ್ತದೆ. ಕಾಲಿನ ಮೇಲೆ ನಿಂತ ಮಂಚ, ಕೆಳಗೆ ಗಾಳಿ, ಕಸಬರಿಗೆ ಹೋಗಲು ದಾರಿ.

ಗೋಡೆಯ ಕೆಳಭಾಗಕ್ಕೆ ಪ್ಲಾಸ್ಟಿಕ್ ಪೇಂಟ್ ಬೇಡವೆಂದು ಹಟ ಹಿಡಿದವರು ಅತ್ತೆ. “ಗೋಡಿಗೆ ಉಸುರಾಡೂಕೆ ಬಿಡು ಮಗಾ” ಎಂದರು. ಅವರ ಮಾತು ಸರಿಯಾಗಿತ್ತು. ತೇವವಿರುವ ಚಿರೆಕಲ್ಲಿನ ಮೇಲೆ ಪ್ಲಾಸ್ಟಿಕ್ ಪೇಂಟ್ ಗುಳ್ಳೆಯೆದ್ದು ಸಿಪ್ಪೆ ಸುಲಿಯುತ್ತದೆ, ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟು ಬೇಗ ಹಿಡಿಯುವುದಿಲ್ಲ. ಅಘನಾಶಿನಿ ಅಳಿವೆಯ ಚಿಪ್ಪು ಸುಟ್ಟ ಸುಣ್ಣವನ್ನು ಕುಮಟಾದಿಂದ ತರಿಸಿ ಬಳಿದೆವು. ಮಗಳು ತನ್ನ ಕೋಣೆಯ ಸುಣ್ಣಕ್ಕೆ ಚೂರು ನೀಲಿ ಬೆರೆಸಿಕೊಂಡಳು.

ಕಾಗದಪತ್ರದ ಕೆಲಸ ಮೊದಲೇ ಮಾಡಿಕೊಂಡಿದ್ದೆವು. ವಾಹನ ನಿಲುಗಡೆಗೆಂದು ನಕ್ಷೆಯಲ್ಲಿ ತೋರಿಸಿದ ಜಾಗವನ್ನು ವಾಸಕ್ಕೆ ಬದಲಿಸುವಾಗ ನಗರಸಭೆಗೆ ಹೊಸ ನಕ್ಷೆ ಕೊಟ್ಟು, ಕಾರಿಗೆ ಬೇರೆ ಜಾಗ ಎಲ್ಲಿದೆ ಎಂದು ತೋರಿಸಬೇಕು. ಸಮುದ್ರದ ಭರತರೇಖೆಯಿಂದ 500 ಮೀಟರ್ ಒಳಗಿರುವವರು, ಕಾಳಿ ನದಿಯ ಅಳಿವೆಯ ದಂಡೆಯಲ್ಲಿರುವವರು ಕರಾವಳಿ ನಿಯಂತ್ರಣ ವಲಯದ ನಿಯಮವನ್ನೂ ಕೇಳಿಕೊಂಡೇ ಕಲ್ಲು ಮುಟ್ಟಬೇಕು.

ನಮ್ಮ ಕಾರು ಈಗ ಅಂಗಳದ ಬಡಗು ಮೂಲೆಯಲ್ಲಿ ಶೀಟಿನ ಮಾಡಿನ ಕೆಳಗೆ ನಿಲ್ಲುತ್ತದೆ. ಅದರ ಹೊಗೆ ಕೊಳವೆ ಮಕ್ಕಳ ಕಿಟಕಿಗೆ ಬೆನ್ನಾಗಿರುವಂತೆ ನಿಲ್ಲಿಸುವುದನ್ನು ಇವರು ರೂಢಿ ಮಾಡಿಕೊಂಡಿದ್ದಾರೆ, ಆ ಹೊಗೆಯಲ್ಲಿರುವ ವಿಷದ ಅನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಕಪಾಟುಗಳಿಗೆ ಬಾಗಿಲು ಹಾಕಿಸುವ ಮೊದಲು ಒಂದು ಮಳೆಗಾಲ ಕಾದೆವು. ಪುಷ್ಯ ಮಳೆಯಲ್ಲಿ ಮತ್ತೆ ಅದೇ ಪ್ಲಾಸ್ಟಿಕ್ ಹಾಳೆ ಹಾಸಿ, ಟೇಪ್ ಅಂಟಿಸಿ ನೋಡಿದೆ. ಅಡಿ ಒಣಗಿಯೇ ಇತ್ತು. ಪಡುಗೋಡೆಯಲ್ಲಿ ಕಿಟಕಿಯ ಕೆಳಗೆ ಮಾತ್ರ ಅಂಗೈ ಅಗಲದ ತೇವ ಕಂಡಿತು. ಕಿಟಕಿಯ ಮೇಲಿನ ಛಜ್ಜಾ ಎರಡಡಿ ಚಾಚಿದ್ದರೂ ಎರಚಲು ಓರೆಯಾಗಿ ಬಡಿಯುತ್ತದೆ. ಈಗ ಜೂನ್ ಹುಟ್ಟುವ ಮೊದಲು ಆ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತೇವೆ, ಗಣೇಶ ಚೌತಿ ಕಳೆದು ಮಳೆ ಇಳಿದ ಮೇಲೆ ಬಿಚ್ಚುತ್ತೇವೆ. ಕಪಾಟಿನ ಬಾಗಿಲುಗಳನ್ನು ಆಚಾರಿಯವರು ಆ ವರ್ಷದ ನವೆಂಬರಿನಲ್ಲಿ ಕೂರಿಸಿದರು, ಕೆಳಗೂ ಮೇಲೂ ಗಾಳಿಗೆ ಸಾಲುತೂತು ಬಿಟ್ಟು.