ಏಳು ಶಟಲ್ ಉಳಿದಿದ್ದ ಬುಧವಾರ

2018ರ ಫೆಬ್ರವರಿಯ ಒಂದು ಬುಧವಾರ. ಎರಡು ಗಂಟೆಗೆ ಪಂದ್ಯ. ಒಂದೂವರೆಗೆ ಕ್ರೀಡಾ ಭವನದ ಸಾಮಾನು ಕೋಣೆಗೆ ಹೋಗಿ ನಮ್ಮ ಕ್ಲಬ್ಬಿನ ಕಬ್ಬಿಣದ ಬೀರು ತೆರೆದರೆ ಒಳಗೆ ಒಂದೇ ಡಬ್ಬಿ. ಅದರಲ್ಲಿ ಏಳೇ ಶಟಲ್. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಲೀಗ್‌ನಲ್ಲಿ ಬ್ಯಾಡ್ಮಿಂಟನ್ ಪಂದ್ಯವೆಂದರೆ ಸಿಂಗಲ್ಸ್, ಡಬಲ್ಸ್ ಸೇರಿ ಎಂಟು ಆಟ. ಶಟಲ್ ಒದಗಿಸುವುದು ಆತಿಥೇಯರ ಹೊಣೆ, ಅದೂ ಗರಿಯದ್ದೇ ಆಗಬೇಕು. ಏಳು ಶಟಲ್ ಮೂರು ಆಟಕ್ಕೂ ಸಾಲದು. ಕ್ಲಬ್ಬಿನ ಖಜಾಂಚಿ ನಾನೇ. ಹೋಗಿ ಕೇಳಲು ಮೇಲಿನವರು ಯಾರೂ ಇರಲಿಲ್ಲ.

ಎದುರು ತಂಡದ ನಾಯಕನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಮರುಮಾತಿಲ್ಲದೆ ತನ್ನ ಚೀಲದಿಂದ ಎರಡು ಹೊಸ ಡಬ್ಬಿ ತೆಗೆದು ಕೊಟ್ಟ. ಪಂದ್ಯ ನಡೆಯಿತು, 5-3ರಿಂದ ಸೋತೆವು. ಮರುದಿನವೇ ಎರಡು ಡಬ್ಬಿ ಕೊಂಡು ಅಂಚೆಯಲ್ಲಿ ಕಳುಹಿಸಿದೆ. ಸಾಲವೇನೋ ತೀರಿತು, ಆ ಬುಧವಾರ ಮಾತ್ರ ಮನಸ್ಸಿನಿಂದ ಇಳಿಯಲಿಲ್ಲ.

ನಾನು ಇಂಜಿನಿಯರಿಂಗ್ ಓದಿದ್ದು ಶಿವಮೊಗ್ಗದಲ್ಲಿ. ಅಲ್ಲಿ ನೆಟ್ ಬೇಕಾದರೂ ದೈಹಿಕ ಶಿಕ್ಷಣ ನಿರ್ದೇಶಕರ ಕೋಣೆಯ ಮುಂದೆ ನಿಲ್ಲಬೇಕಿತ್ತು. ತಂಡ ಆರಿಸುವವರು ಅವರು, ಪಂದ್ಯಕ್ಕೆ ಕರೆದೊಯ್ಯುವವರು ಅವರು, ಬಸ್ಸಿನ ಹಣ, ಊಟದ ಭತ್ಯೆ ಎಣಿಸಿ ಕೊಡುವವರೂ ಅವರೇ. ನಮ್ಮ ಸರ್ ಬಹಳ ಒಳ್ಳೆಯವರು. ಸೋತು ಬಂದ ರಾತ್ರಿ ತಮ್ಮ ಜೇಬಿನಿಂದ ದೋಸೆ ಕೊಡಿಸಿದ್ದನ್ನು ನಾನು ಮರೆತಿಲ್ಲ. ಆದರೆ ಒಂದು ಶಟಲ್‌ಗೆ ಎಷ್ಟು ಬೀಳುತ್ತದೆ ಎಂಬುದು ನಾಲ್ಕು ವರ್ಷದಲ್ಲಿ ನಮಗೆ ಯಾರಿಗೂ ಗೊತ್ತಿರಲಿಲ್ಲ.

2016ರಲ್ಲಿ ಪಿಎಚ್.ಡಿ.ಗೆಂದು ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಹೋದೆ. ಮೊದಲ ವಾರದಲ್ಲೇ ಕ್ರೀಡಾ ಮೇಳ. ಒಂದು ದೊಡ್ಡ ಭವನದ ತುಂಬ ಮೇಜುಗಳು. ರಗ್ಬಿಯಿಂದ ಕತ್ತಿವರಸೆಯವರೆಗೆ ಒಂದೊಂದು ಆಟಕ್ಕೆ ಒಂದೊಂದು ಕ್ಲಬ್. ಮೇಜಿನ ಹಿಂದೆ ನಿಂತವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಅವರೇ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು. ಸದಸ್ಯತ್ವದ ಹಣ ನಿಗದಿ ಮಾಡುವುದು, ಹಾಲ್ ಕಾದಿರಿಸುವುದು, ತರಬೇತುದಾರರಿಗೆ ಸಂಬಳ ಕೊಡುವುದು, ಅಪಾಯಗಳ ಪಟ್ಟಿ ಬರೆದು ಸಹಿ ಹಾಕುವುದು, ಎಲ್ಲವೂ ಅವರದೇ. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ಸಿಬ್ಬಂದಿ ಇರುತ್ತಾರೆ, ಸಲಹೆ ಕೊಡುತ್ತಾರೆ, ಕ್ಲಬ್ ನಡೆಸುವುದಿಲ್ಲ.

ವಿಶ್ವವಿದ್ಯಾಲಯಗಳ ನಡುವಿನ ಪಂದ್ಯಗಳನ್ನು ನಡೆಸುವ ಸಂಸ್ಥೆ ಬ್ರಿಟಿಷ್ ಯೂನಿವರ್ಸಿಟೀಸ್ ಅಂಡ್ ಕಾಲೇಜಸ್ ಸ್ಪೋರ್ಟ್. 2008ರಲ್ಲಿ ಎರಡು ಸಂಸ್ಥೆಗಳು ಕೂಡಿ ಆದದ್ದು. ಎಲ್ಲರ ಬಾಯಲ್ಲೂ ಅದು ‘ಬಕ್ಸ್’. ಪಂದ್ಯಗಳು ಬುಧವಾರ ಮಧ್ಯಾಹ್ನ. ಅದಕ್ಕಾಗಿಯೇ ಹೆಚ್ಚಿನ ವಿಶ್ವವಿದ್ಯಾಲಯಗಳು ಆ ಹೊತ್ತಿಗೆ ಪಾಠ ಇಡುವುದಿಲ್ಲ. ವಾರದ ನಡುವೆ ಅರ್ಧ ದಿನವನ್ನು ಇಡೀ ದೇಶವೇ ಆಟಕ್ಕೆ ಬಿಟ್ಟುಕೊಟ್ಟಿರುವುದನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮರುವರ್ಷದ ಮಾರ್ಚ್‌ನಲ್ಲಿ ವಾರ್ಷಿಕ ಸಭೆ ನಡೆಯಿತು. ಖಜಾಂಚಿ ಸ್ಥಾನಕ್ಕೆ ನಿಂತವನು ನಾನೊಬ್ಬನೇ. ಅವಿರೋಧ ಆಯ್ಕೆ ಎಂದುಕೊಂಡಿದ್ದೆ. ಅಲ್ಲಿ ಹಾಗಿಲ್ಲ: ಮತಪತ್ರದಲ್ಲಿ ನನ್ನ ಹೆಸರಿನ ಕೆಳಗೆ ‘ಮತ್ತೆ ನಾಮಪತ್ರ ಕರೆಯಿರಿ’ ಎಂಬ ಇನ್ನೊಂದು ಆಯ್ಕೆಯಿತ್ತು. ಅದಕ್ಕೆ ಹೆಚ್ಚು ಮತ ಬಿದ್ದರೆ ಒಬ್ಬನೇ ಅಭ್ಯರ್ಥಿಯಾದರೂ ಸೋತಂತೆ. ಎರಡು ನಿಮಿಷ ಮಾತನಾಡಿ ಗೆದ್ದೆ. ಹಿಂದಿನ ಖಜಾಂಚಿ ಪದವಿ ಮುಗಿಸಿ ಹೊರಟು ಹೋದ. ಅವನಿಂದ ನನಗೆ ಸಿಕ್ಕಿದ್ದು ಒಂದು ಪಾಸ್‌ವರ್ಡ್ ಮತ್ತು ಅರ್ಧ ತುಂಬಿದ ಜಮಾ-ಖರ್ಚಿನ ಹಾಳೆ. ಅವನನ್ನು ದೂರುತ್ತಿಲ್ಲ, ಅವನಿಗೂ ಹಿಂದಿನವರಿಂದ ಸಿಕ್ಕಿದ್ದು ಅಷ್ಟೇ. ಮೂರು ವರ್ಷದ ಪದವಿ, ಒಂದು ವರ್ಷದ ಹುದ್ದೆ. ಯಾವ ತಿಂಗಳಲ್ಲಿ ಎಷ್ಟು ಶಟಲ್ ಬೇಕು ಎಂಬಷ್ಟು ಸಣ್ಣ ವಿಷಯವನ್ನೂ ಪ್ರತಿ ವರ್ಷ ಯಾರೋ ಹೊಸದಾಗಿ, ಕಷ್ಟಪಟ್ಟು ಕಲಿಯುತ್ತಿದ್ದರು. ನನ್ನ ಪಾಲಿಗೆ ಆ ಕಲಿಕೆ ಬಂದದ್ದು ಏಳು ಶಟಲ್‌ಗಳ ರೂಪದಲ್ಲಿ.

ಪಂದ್ಯದ ರಾತ್ರಿ ರಸೀದಿಗಳನ್ನೆಲ್ಲ ನೆಲದ ಮೇಲೆ ಹರಡಿ ಕುಳಿತೆ. ಮೊದಲ ಪಾಠ ಹವೆಯದ್ದು. ಗರಿಯ ಶಟಲ್ ಡಬ್ಬಿಯ ಮುಚ್ಚಳದ ಮೇಲೆ ವೇಗದ ಸಂಖ್ಯೆ ಇರುತ್ತದೆ: 76, 77, 78 ಹೀಗೆ. ಸಂಖ್ಯೆ ದೊಡ್ಡದಾದಷ್ಟೂ ವೇಗ ಹೆಚ್ಚು. ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತೆಳು, ಶಟಲ್ ದೂರ ಹಾರುತ್ತದೆ. ಅಲ್ಲಿ ನಿಧಾನದ್ದು ಸಾಕು. ಇಂಗ್ಲೆಂಡಿನ ಚಳಿಗಾಲದ ಹಾಲ್‌ನಲ್ಲಿ ಗಾಳಿ ದಟ್ಟ. 76 ಹಾಕಿದರೆ ಪೂರ್ತಿ ಬಲದಿಂದ ಹೊಡೆದದ್ದೂ ಹಿಂದಿನ ಗೆರೆ ಮುಟ್ಟದೆ ಬೀಳುತ್ತದೆ. ಆಟಗಾರರು ಇನ್ನಷ್ಟು ಬಲ ಹಾಕುತ್ತಾರೆ, ಗರಿ ಮುರಿಯುತ್ತದೆ. ನಾನು ಅಗ್ಗಕ್ಕೆ ಸಿಕ್ಕಿತೆಂದು ಡಿಸೆಂಬರ್‌ನಲ್ಲಿ ತರಿಸಿದ್ದು 76.

ಎರಡನೆಯದು ಒಣಗುವಿಕೆ. ಹೀಟರ್ ಇರುವ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಗರಿ ಕಡ್ಡಿಯಂತೆ ಮುರಿಯುತ್ತದೆ. ಇದಕ್ಕೆ ಹಳೆಯ ಆಟಗಾರರು ಮಾಡುವ ಉಪಾಯವೊಂದಿದೆ, ನಾನೂ ಅದನ್ನೇ ಹಿಡಿದೆ. ಪಂದ್ಯದ ಹಿಂದಿನ ರಾತ್ರಿ ಹಾಸ್ಟೆಲ್ ಅಡುಗೆಮನೆಯಲ್ಲಿ ಕೆಟಲ್ ಕುದಿಸುವುದು. ಡಬ್ಬಿಯ ಎರಡೂ ಮುಚ್ಚಳ ತೆಗೆದು, ಗರಿಯ ಕಡೆ ಕೆಳಗೆ ಮಾಡಿ, ಹಬೆಯ ಮೇಲೆ ನಾಲ್ಕೈದು ಸೆಕೆಂಡು ಹಿಡಿಯುವುದು. ತಕ್ಷಣ ಮುಚ್ಚಿ ಬೆಳಗಿನವರೆಗೆ ಬಿಡುವುದು. ಹೆಚ್ಚು ಹೊತ್ತು ಹಿಡಿದರೆ ಬುಡದ ಕಾರ್ಕಿಗೂ ತೇವ ತಾಗಿ ಶಟಲ್ ಭಾರವಾಗುತ್ತದೆ. ಸರಿಯಾಗಿ ಹಬೆ ಕುಡಿದ ಗರಿಯನ್ನು ಬೆರಳಲ್ಲಿ ಬಾಗಿಸಿದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಒಣಗಿದ್ದು ಟಕ್ಕೆಂದು ಮುರಿಯುತ್ತದೆ. ಒಂದು ಶಟಲ್‌ನಲ್ಲಿ ಹದಿನಾರು ಗರಿ. ಒಂದು ಮುರಿದರೂ ಅದು ಅಡ್ಡಾದಿಡ್ಡಿ ತಿರುಗುತ್ತದೆ.

ಮೂರನೆಯದನ್ನು ನಾನು ಊಹಿಸಿಯೇ ಇರಲಿಲ್ಲ. ಪಂದ್ಯಗಳಿಗಿಂತ ಹೆಚ್ಚು ಶಟಲ್ ತಿನ್ನುತ್ತಿದ್ದದ್ದು ಭಾನುವಾರದ ಸಾಮಾನ್ಯ ಆಟ. ತಂಡಕ್ಕೆ ಆಯ್ಕೆಯಾಗದವರು, ಆಗಬೇಕೆಂಬ ಆಸೆಯೂ ಇಲ್ಲದವರು ಬಂದು ಆಡುವ ದಿನ ಅದು. ಕಮಿಟಿ ಸಭೆಯಲ್ಲಿ ಕೆಲವರು ‘ಭಾನುವಾರ ಗರಿ ನಿಲ್ಲಿಸೋಣ, ಪ್ಲಾಸ್ಟಿಕ್ ಕೊಡೋಣ’ ಎಂದರು. ನಾನು ಒಪ್ಪಲಿಲ್ಲ. ಸದಸ್ಯತ್ವದ ಹಣದಲ್ಲಿ ದೊಡ್ಡ ಪಾಲು ಕೊಡುತ್ತಿದ್ದವರು ಭಾನುವಾರದವರೇ. ಅವರ ಹಣದಲ್ಲಿ ತಂಡದವರು ರೈಲು ಹತ್ತಿ ಪಂದ್ಯಕ್ಕೆ ಹೋಗುವುದು, ಅವರಿಗೆ ಮಾತ್ರ ಪ್ಲಾಸ್ಟಿಕ್ ಎನ್ನುವುದು ನ್ಯಾಯವಲ್ಲ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಕೊನೆಗೆ ಹೀಗೆ ಮಾಡಿದೆವು: ಪಂದ್ಯದಲ್ಲಿ ಬಳಸಿ ಇನ್ನೂ ಚೆನ್ನಾಗಿರುವ ಶಟಲ್ ತಂಡದ ಅಭ್ಯಾಸಕ್ಕೆ, ಭಾನುವಾರ ನಾಲ್ಕು ಕೋರ್ಟ್‌ಗಳಲ್ಲಿ ಹೊಸಬರು ಕಲಿಯುವ ಒಂದಕ್ಕೆ ಪ್ಲಾಸ್ಟಿಕ್, ಉಳಿದ ಮೂರಕ್ಕೆ ಹೊಸ ಗರಿ. ಖರ್ಚು ಕಾಲುಭಾಗಕ್ಕೂ ಹೆಚ್ಚು ಇಳಿಯಿತು.

ಈಗ ಹೆಸರು ಹಲಗೆಯ ವಿಷಯ ಹೇಳಲೇಬೇಕು. ಇಂಗ್ಲೆಂಡಿನ ಬ್ಯಾಡ್ಮಿಂಟನ್ ಕ್ಲಬ್ಬುಗಳಲ್ಲಿ ಸಾಮಾನ್ಯ ಆಟದ ದಿನ ಗೋಡೆಗೆ ಒಂದು ಹಲಗೆ ಒರಗಿಸಿರುತ್ತಾರೆ. ಬಂದವರು ತಮ್ಮ ಹೆಸರು ಬರೆದ ಗೂಟವನ್ನು ಸಾಲಿನ ಕೊನೆಗೆ ಸಿಕ್ಕಿಸಬೇಕು. ಕೋರ್ಟ್ ಖಾಲಿಯಾದಾಗ ಸಾಲಿನ ಮೊದಲ ಗೂಟದವರು ಹಿಂದಿನ ಏಳೆಂಟು ಹೆಸರುಗಳಿಂದ ಮೂವರನ್ನು ಆರಿಸಿಕೊಂಡು ಆಡಲು ಹೋಗುತ್ತಾರೆ. ಚೆಂದದ ಪದ್ಧತಿ. ಆದರೆ ಚೆನ್ನಾಗಿ ಆಡುವವರು ಚೆನ್ನಾಗಿ ಆಡುವವರನ್ನೇ ಆರಿಸುತ್ತಾರೆ.

2018ರ ಅಕ್ಟೋಬರ್‌ನಲ್ಲಿ ನಾನು ಅಧ್ಯಕ್ಷನಾಗಿದ್ದೆ. ಹುಬ್ಬಳ್ಳಿಯಿಂದ ಸ್ನಾತಕೋತ್ತರ ಓದಲು ಬಂದಿದ್ದ ಒಬ್ಬಳು ಎರಡು ಭಾನುವಾರ ಗೋಡೆಗೆ ಒರಗಿ ನಿಂತು, ಒಂದೊಂದೇ ಆಟ ಆಡಿ ಹೋದಳು. ನಾನು ಫೋನಿನಲ್ಲಿ ಅಮ್ಮನೊಡನೆ ಮಾತನಾಡುವುದು ಕೇಳಿಸಿಕೊಂಡು ಹತ್ತಿರ ಬಂದು, “ಅಣ್ಣ, ಇಲ್ಲಿ ನಮ್ಮನ್ನು ಆಟಕ್ಕೆ ಕರೆಯುವವರು ಯಾರು?” ಎಂದು ಕೇಳಿದಳು. ಉತ್ತರ ಕೊಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮುಂದಿನ ವಾರದಿಂದ ಮೊದಲ ಒಂದು ಗಂಟೆ ಆರಿಸುವಂತಿಲ್ಲ, ಸಾಲಿನ ಮೊದಲ ನಾಲ್ವರು ಹಾಗೆಯೇ ಒಳಗೆ ಹೋಗಬೇಕು ಎಂದು ನಿಯಮ ಮಾಡಿದೆವು. ಪ್ರಥಮ ತಂಡದ ಇಬ್ಬರು ಭಾನುವಾರ ಬರುವುದನ್ನೇ ಬಿಟ್ಟರು. ಬೇಸರವಾಯಿತು, ನಿಯಮ ಬದಲಿಸಲಿಲ್ಲ.

ಅದೇ ಹಲಗೆ ಮಹಿಳೆಯರ ಎರಡನೇ ತಂಡಕ್ಕೂ ದಾರಿ ಮಾಡಿತ್ತು. ಏಳು ಶಟಲ್‌ನ ಬುಧವಾರದ ನಂತರ ಪ್ರತಿ ಭಾನುವಾರ ಹಲಗೆಯ ಫೋಟೋ ತೆಗೆದಿಡುತ್ತಿದ್ದೆ, ಎಷ್ಟು ಜನಕ್ಕೆ ಎಷ್ಟು ಶಟಲ್ ಎಂದು ತಿಳಿಯಲು. ಮೂರು ತಿಂಗಳ ಫೋಟೋಗಳನ್ನು ಒಟ್ಟಿಗೆ ನೋಡಿದಾಗ ಆಡಲು ಬರುವವರಲ್ಲಿ ಹೆಚ್ಚುಕಡಿಮೆ ಅರ್ಧ ಹೆಣ್ಣುಮಕ್ಕಳು ಎಂಬುದು ಕಣ್ಣಿಗೆ ಬಿತ್ತು. ಲೀಗ್‌ನಲ್ಲಿ ನಮ್ಮ ಪುರುಷರ ತಂಡ ಎರಡು, ಮಹಿಳೆಯರದು ಒಂದೇ. ಇನ್ನೊಂದಕ್ಕೆ ವಿದ್ಯಾರ್ಥಿ ಸಂಘದ ಅನುದಾನ ಕೇಳಿದರೆ ಮೊದಲ ಸಲ ಇಲ್ಲ ಎಂಬ ಉತ್ತರ ಬಂತು.

ಆಗ ಒಬ್ಬ ಸ್ನೇಹಿತೆ, ಕಾನೂನು ವಿದ್ಯಾರ್ಥಿನಿ, 1994ರ ಶಿಕ್ಷಣ ಕಾಯ್ದೆ ತೆಗೆದು ತೋರಿಸಿದಳು. ವಿದ್ಯಾರ್ಥಿ ಸಂಘಗಳು ಕ್ಲಬ್ಬುಗಳಿಗೆ ಹಣ ಹಂಚುವ ವಿಧಾನ ನ್ಯಾಯಸಮ್ಮತವಾಗಿರಬೇಕು, ಬರಹದಲ್ಲಿರಬೇಕು, ಎಲ್ಲ ವಿದ್ಯಾರ್ಥಿಗಳಿಗೂ ನೋಡಲು ಸಿಗಬೇಕು ಎಂದು ಅದರ 22ನೇ ಸೆಕ್ಷನ್ ಹೇಳುತ್ತದೆ. ನಾವು ಜಗಳಕ್ಕೆ ಹೋಗಲಿಲ್ಲ. ಆ ಬರಹವನ್ನು ಕೊಡಿ ಎಂದು ಕೇಳಿದೆವು, ಕೊಟ್ಟರು. ಅದರಲ್ಲಿ ನಿಜವಾಗಿ ಆಡುವ ಸದಸ್ಯರ ಸಂಖ್ಯೆಗೆ ಅಂಕವಿತ್ತು. ನಮ್ಮ ಹಳೆಯ ಅರ್ಜಿಗಳಲ್ಲಿ ಲೀಗ್ ಆಡುವವರನ್ನು ಬಿಟ್ಟು ಬೇರೆ ಯಾರನ್ನೂ ಎಣಿಸಿರಲಿಲ್ಲ, ತಪ್ಪು ನಮ್ಮದೇ. ಹಲಗೆಯ ಫೋಟೋಗಳನ್ನು ಲಗತ್ತಿಸಿ ಮತ್ತೆ ಬರೆದೆವು. ಅನುದಾನ ಬಂತು, ಜೂನ್‌ನಲ್ಲಿ ಎರಡನೇ ತಂಡದ ಹೆಸರು ನೋಂದಾಯಿಸಿದೆವು. ಹುಬ್ಬಳ್ಳಿಯ ಆ ಹುಡುಗಿ ಅಕ್ಟೋಬರ್‌ನ ಆಯ್ಕೆಯಲ್ಲಿ ಗೆದ್ದು ಅದೇ ತಂಡದಲ್ಲಿ ಇಡೀ ವರ್ಷ ಡಬಲ್ಸ್ ಆಡಿದಳು.

ಬುಧವಾರ ರಾತ್ರಿಯ ಕೂಟಗಳ ಬಗ್ಗೆ ಒಂದು ಮಾತು. ಅಲ್ಲಿ ಕ್ಲಬ್ ಎಂದರೆ ಕುಡಿತವೂ ಸೇರಿದೆ ಎಂಬ ಭಾವನೆ ಬಲವಾಗಿದೆ; ಹೊಸಬರಿಗೆ ಬಲವಂತದ ದೀಕ್ಷೆ ಕೊಡುವುದನ್ನು ವಿದ್ಯಾರ್ಥಿ ಸಂಘಗಳು ನಿಷೇಧಿಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ನಾವು ತಿಂಗಳಿಗೊಮ್ಮೆ ಊಟದ ಕೂಟ ಇಟ್ಟೆವು, ಮಾರ್ಚ್‌ನಲ್ಲಿ ರೈಲಿನಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಆಲ್ ಇಂಗ್ಲೆಂಡ್ ಪಂದ್ಯಾವಳಿ ನೋಡಿದೆವು. 1980ರಲ್ಲಿ ಇದೇ ಪ್ರಶಸ್ತಿಯನ್ನು ನಮ್ಮ ಪ್ರಕಾಶ್ ಪಡುಕೋಣೆ ವೆಂಬ್ಲಿಯಲ್ಲಿ ಗೆದ್ದರು ಎಂದು ಹೇಳುವಾಗ ನನ್ನ ಗಂಟಲು ಕಟ್ಟಿತ್ತು. ಪಕ್ಕದಲ್ಲಿದ್ದ ಮಲೇಷ್ಯಾದ ಹುಡುಗ ಆ ಫೈನಲ್‌ನ ಎದುರಾಳಿಯ ಹೆಸರನ್ನು ನನಗಿಂತ ಮೊದಲೇ ಹೇಳಿದ: ಲಿಯೆಮ್ ಸ್ವೀ ಕಿಂಗ್.

ಅಧಿಕಾರ ಬಿಡುವ ಮೊದಲು ಕಲಿತದ್ದನ್ನೆಲ್ಲ ಒಂದು ಕಡತದಲ್ಲಿ ಬರೆದೆ. ಕಂಪ್ಯೂಟರಿನಲ್ಲೂ ಇತ್ತು, ಮುದ್ರಿಸಿ ಬೀರುವಿನೊಳಗೂ ಇಟ್ಟೆ. ಪಾಸ್‌ವರ್ಡ್ ಮರೆತರೂ ಕಾಗದ ಇರುತ್ತದೆ. ಯಾವ ತಿಂಗಳು ಎಷ್ಟು ಡಬ್ಬಿ, ಅನುದಾನದ ಅರ್ಜಿಯಲ್ಲಿ ಯಾರನ್ನೆಲ್ಲ ಎಣಿಸಬೇಕು, ಹಬೆ ಎಷ್ಟು ಸೆಕೆಂಡು, ಹಲಗೆಯ ನಿಯಮ ಏಕೆ ಬಂತು, ಎಲ್ಲವೂ. ಹೊಸ ಖಜಾಂಚಿಯೊಡನೆ ಮೂರು ಸಂಜೆ ಕುಳಿತು ಒಂದೊಂದು ಪುಟವನ್ನೂ ಓದಿದೆ.

ಮುಂದಿನ ಚಳಿಗಾಲದಲ್ಲಿ ಸಾಮಾನ್ಯ ಸದಸ್ಯನಾಗಿ ಆಡಲು ಹೋಗಿದ್ದಾಗ ನೆಟ್ ತರಲೆಂದು ಸಾಮಾನು ಕೋಣೆಗೆ ಹೋದೆ. ಬೀರು ತೆರೆದಿತ್ತು. ಎಂಟು ಡಬ್ಬಿ ಸಾಲಾಗಿ ನಿಂತಿದ್ದವು, ಪಕ್ಕದಲ್ಲಿ ಕಡತ. ‘ಡಿಸೆಂಬರ್‌ನಿಂದ ಮಾರ್ಚ್‌ವರೆಗೆ 78 ಮಾತ್ರ’ ಎಂದು ನಾನು ಬರೆದಿದ್ದ ಸಾಲಿಗೆ ಹಸಿರು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಕೆಳಗೆ ಹೊಸ ಖಜಾಂಚಿ ಬರೆದಿದ್ದಳು: ‘ಹಾಲ್‌ನ ಹೀಟರ್ ಸರಿಪಡಿಸಿದ್ದಾರೆ. ಈಗ 77 ಸಾಕು.’