ಲೈಟ್ ಹತ್ತಿದ ಮೇಲಿನ ಕೆಲಸ

ಹೋದ ಏಪ್ರಿಲ್‌ನಲ್ಲಿ ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿಗೆ ಹೊರಾಂಗಣದ ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಬಿಡುವ ಡಬ್ಬಿ, ಕೂಡಿಸಿದೆ. ತೊಗರಿ ಲಾರಿ ತೂಗುವ ಕಾಟಾದ ಹತ್ತಿರ ಅವರಿಗೆ ವೈಫೈ ಬೇಕಾಗಿತ್ತು. ಆಫೀಸಿನಿಂದ ತಗಡಿನ ಶೆಡ್ಡಿನ ಮೇಲಿನ ಪೈಪಿನವರೆಗೆ 70 ಮೀಟರ್ ಕೇಬಲ್. ಅದನ್ನು ಅವರು ಮೊದಲೇ ಎಳೆಸಿಟ್ಟಿದ್ದರು.

ಡಬ್ಬಿಗೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸುವ ಪಿಓಇ ಅಡಾಪ್ಟರ್ 24 ವೋಲ್ಟಿನದು. ಈ ತರಹದ್ದು ಎದುರಿಗೆ ಯಾವ ಸಾಮಾನು ಇದೆ ಎಂದು ಕೇಳದೆಯೇ ಕರೆಂಟ್ ಬಿಡುತ್ತದೆ. ಹಾಗಾಗಿ ಪ್ಲಗ್ ಹಾಕುವ ಮುಂಚೆ ಪಿಓಇ ಪೋರ್ಟಿನಿಂದ ಮೇಲಕ್ಕೆ, ಲ್ಯಾನ್ ಪೋರ್ಟಿನಿಂದ ಆಫೀಸಿನ ನೆಟ್‌ವರ್ಕ್ ಸ್ವಿಚ್ಚಿಗೆ ವೈರ್ ಹೋಗಿದೆಯೇ ಎಂದು ಕೈಯಿಂದ ಹಿಡಿದೇ ನೋಡುತ್ತೇನೆ. ಅದಲುಬದಲಾದರೆ 24 ವೋಲ್ಟ್ ನೇರ ಸ್ವಿಚ್ಚಿಗೆ ಹೋಗುತ್ತದೆ. ಮೇಲೆ ಕೇಬಲ್ಲನ್ನು ಕೆಳಮುಖ ಬಾಗಿಸಿ ಕಟ್ಟಿದೆ, ಮಳೆನೀರು ಕನೆಕ್ಟರಿಗೆ ಇಳಿಯಬಾರದು.

ಪ್ಲಗ್ ಹಾಕಿದೆ, ಹಸಿರು ಲೈಟ್ ಹತ್ತಿತು, ಪಿಂಗ್ (ಡಬ್ಬಿಗೆ ಕಳಿಸಿದ ಕರೆಗೆ ಉತ್ತರ) ಬಂತು.

"ಲೈಟ್ ಹತ್ಯಾದಲ್ರಿ ಸರ, ಇನ್ನೇನ್ ನೋಡ್ತೀರಿ?" ಅಂದ ಏಣಿ ಹಿಡಿದಿದ್ದ ಹುಡುಗ.

"ತಡಿಯೋ ತಮ್ಮಾ, ನಾಕು ಫೋನ್ ಹಚ್ಚಿ ನೋಡಮು."

ನಾಲ್ಕೂ ಫೋನಿನಲ್ಲಿ ವಿಡಿಯೊ ಹಚ್ಚಿದೆವು. ಐದು ನಿಮಿಷಕ್ಕೆ ಪಿಂಗ್ ನಿಂತಿತು, ಎರಡು ನಿಮಿಷ ಬಿಟ್ಟು ತಾನೇ ಬಂತು. ಡಬ್ಬಿಯ ಸೆಟ್ಟಿಂಗ್ ಪುಟ ತೆರೆದರೆ ಅಪ್‌ಟೈಮ್, ಅಂದರೆ ಆರದೆ ಓಡಿದ ಹೊತ್ತು, ಸೊನ್ನೆಯಿಂದ ಶುರುವಾಗಿತ್ತು. ಸಿಗ್ನಲ್ ಹೋಗಿದ್ದಲ್ಲ, ಡಬ್ಬಿಯೇ ಆರಿ ಹತ್ತಿತ್ತು. ಈ ಪುಟ ನೋಡದವರು ಸಿಗ್ನಲ್ಲಿನದೇ ತಪ್ಪೆಂದು ವೈಫೈ ಚಾನೆಲ್ ಬದಲಿಸುತ್ತ ದಿನ ಕಳೆಯುತ್ತಾರೆ.

ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಅಡಾಪ್ಟರನ್ನೇ ಶೆಡ್ಡಿನ ಮೇಲೆ ಒಯ್ದು, ಎರಡು ಮೀಟರ್ ಕೇಬಲ್ಲಿನಿಂದ ಜೋಡಿಸಿದೆ. ತಗಡು ಕಾದು ಮೊಣಕಾಲು ಊರಲು ಬರುತ್ತಿರಲಿಲ್ಲ, ಗೋಣಿಚೀಲ ಹಾಸಿಕೊಂಡು ಕೂತೆ. ಒಂದು ತಾಸು ಅದೇ ನಾಲ್ಕು ಫೋನ್ ಓಡಿದವು, ಒಮ್ಮೆಯೂ ಆರಲಿಲ್ಲ. ಅಲ್ಲಿಗೆ ಡಬ್ಬಿ, ಅಡಾಪ್ಟರ್ ಎರಡೂ ಸರಿ, ಉಳಿದದ್ದು ಕೇಬಲ್.

ಎರಡೂ ತುದಿ ಬಿಚ್ಚಿ, ಮೇಲ್ಗಡೆ ನೀಲಿ ಜೋಡಿಯ ಎರಡು ತಂತಿ ಹೊಸೆದು, ಕೆಳಗೆ ಮಲ್ಟಿಮೀಟರ್ ಇಟ್ಟೆ: ಕರೆಂಟಿಗೆ ತಡೆ 19 ಓಮ್. ಇಷ್ಟು ಉದ್ದದ ಅಚ್ಚ ತಾಮ್ರಕ್ಕೆ 12ರ ಆಸುಪಾಸು ಬರಬೇಕು. ಒಂದು ತಂತಿಯನ್ನು ಚಾಕುವಿನಿಂದ ಕೆರೆದೆ. ಮೇಲಿನ ಕೆಂಪು ಎದ್ದು ಒಳಗೆ ಬೆಳ್ಳಗೆ ಕಂಡಿತು. ತಾಮ್ರದ ಲೇಪದ ಅಲ್ಯೂಮಿನಿಯಂ! ಫೋನ್ ಹೆಚ್ಚಾದಂತೆ ಡಬ್ಬಿ ಹೆಚ್ಚು ಕರೆಂಟ್ ಎಳೆಯುತ್ತದೆ, ದಾರಿಯಲ್ಲೇ ವೋಲ್ಟೇಜ್ ಕುಸಿಯುತ್ತದೆ. 48 ವೋಲ್ಟಿನ ವ್ಯವಸ್ಥೆಯಲ್ಲಿ ಇದು ಅಷ್ಟು ಕಾಡುವುದಿಲ್ಲ, ಅಷ್ಟೇ ಶಕ್ತಿಗೆ ಅಲ್ಲಿ ಅರ್ಧ ಕರೆಂಟ್ ಸಾಕು. 24ರಲ್ಲಿ ಕೇಬಲ್ ಚಲೋದು ಇರಲೇಬೇಕು.

ಮರುದಿನ ಅಚ್ಚ ತಾಮ್ರದ, ಬಿಸಿಲು ತಾಳುವ ಕರಿ ಕವಚದ ಕೇಬಲ್ ಎಳೆದೆವು. ಮೀಟರ್ 12 ತೋರಿಸಿತು. ಫೋನ್ ಹಿಡಿದು ಅಡ್ಡಾಡಿದೆ: ಸಿಗ್ನಲ್ (ಸೊನ್ನೆಗೆ ಹತ್ತಿರವಾದಷ್ಟೂ ಗಟ್ಟಿ) ಕಾಟಾದ ಹತ್ತಿರ ಮೈನಸ್ 58, ಚೀಲ ತುಂಬಿದ ಲಾರಿಯ ಹಿಂದೆ ಮೈನಸ್ 74. ಅಲ್ಲಿ ವೈಫೈನ ಎರಡು ಬ್ಯಾಂಡಿನಲ್ಲಿ 5 ಗಿಗಾಹರ್ಟ್ಸ್ ಸೋತರೂ 2.4 ಹಿಡಿಯಿತು. ಮೇನ್ ಸ್ವಿಚ್ಚನ್ನು ಮೂರು ಸಲ ತೆಗೆದು ಹಾಕಿದೆ, ಮೂರು ಸಲವೂ ಯಾರೂ ಮುಟ್ಟದೆ ಎದ್ದಿತು. ನಾಲ್ಕನೇ ದಿನ ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲು ನೆತ್ತಿ ಸುಡುವಾಗ, ಮತ್ತೆ ಹೋಗಿ ಅಪ್‌ಟೈಮ್ ನೋಡಿದೆ. ಮೂರು ದಿನ, ಎರಡು ತಾಸು. ಆಮೇಲೆ ಬಿಲ್ ಕೊಟ್ಟೆ.